ಗಿರಣಿ ನಿಂತ ಗುರುವಾರ

ಕೊಟ್ಟೂರಿನ ನಮ್ಮ ಮನೆ ಮಾರಿ ಆಯಿತು. ಹೋದ ತಿಂಗಳು ಕಾಗದಕ್ಕೆ ಸಹಿ ಹಾಕಲು ಹೋದಾಗ, ಕೊಂಡವರು "ಒಂದ್ಸಲ ಒಳಗ ನೋಡ್ಕಂಡ್ ಬರ್ರಿ ಅಕ್ಕಾರ" ಎಂದರು. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ಮುಂದಿನ ಖೋಲಿಯಲ್ಲಿ ಅಪ್ಪನ ಹಿಟ್ಟಿನ ಗಿರಣಿ ಇದ್ದ ಜಾಗದಲ್ಲಿ ಈಗ ನೆಲದಿಂದ ಎದ್ದ ನಾಲ್ಕು ಬೋಲ್ಟು ಮಾತ್ರ ಉಳಿದಿವೆ. ಗಿರಣಿ ಹೋಗಿ ಎಷ್ಟೋ ವರ್ಷವಾದರೂ ಗೋಡೆಯಲ್ಲಿ ಇನ್ನೂ ಜೋಳದ ಹಿಟ್ಟಿನ ವಾಸನೆ, ಅದರ ಜೊತೆಗೆ ಕಾದ ಬೆಲ್ಟಿನ ಸುಟ್ಟ ರಬ್ಬರಿನ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ತೊಂಬತ್ತೆಂಟರ ಆ ಚಳಿಗಾಲ ಬಂದು ಎದೆಯ ಮೇಲೆ ಕೂತಿತು. ಅಲ್ಲೇ ಕುಕ್ಕರಿಸಿದೆ. ಕೊಂಡವರ ಹೆಂಡತಿ ಒಂದು ಲೋಟ ನೀರು ತಂದುಕೊಟ್ಟು, "ತವರುಮನಿ ನೋಡ್ರಿ, ಸಂಕಟ ಆಗ್ತೈತಿ" ಎಂದಳು. ಒಳ್ಳೆಯ ಹೆಂಗಸು. ಹೂಂ ಎಂದು ನೀರು ಕುಡಿದೆ.

ಆಗ ನನಗೆ ಇಪ್ಪತ್ನಾಲ್ಕು. ತಂಗಿ ಅನ್ನಪೂರ್ಣೆಗೆ ಹತ್ತೊಂಬತ್ತು. ಮನೆಯಲ್ಲಿ ಅವಳನ್ನು ಪೂರ್ಣಿ ಎನ್ನುತ್ತಿದ್ದೆವು. ನಾವಿಬ್ಬರೇ ಮಕ್ಕಳು. ಅವಳು ಮೂರನೇ ಇಯತ್ತೆಯಲ್ಲಿದ್ದಾಗ ಒಮ್ಮೆ ಗಂಟಲು ನೋವು ಬಂತು, ಆಮೇಲೆ ಜ್ವರ, ಆಮೇಲೆ ಮೊಣಕಾಲು ಬಾತುಕೊಂಡವು. ಬೆಳೆಯುವ ಹುಡುಗಿಗೆ ಕೀಲು ನೋವು ಇದ್ದದ್ದೇ ಎಂದು ಅವ್ವ ಎಣ್ಣೆ ತಿಕ್ಕಿದಳು. ಜ್ವರ ಬಿಟ್ಟಿತು, ಬಾವು ಇಳಿಯಿತು, ನಾವು ಮರೆತೆವು. ಆ ಜ್ವರ ಕೀಲು ಬಿಟ್ಟು ಹೃದಯ ಸೇರಿತ್ತು ಎಂದು ತಿಳಿದದ್ದು ಹತ್ತು ವರ್ಷದ ಮೇಲೆ, ಬೋರಿನಿಂದ ಕೊಡ ಹೊತ್ತು ಬರುತ್ತಿದ್ದವಳು ನಡುಬೀದಿಯಲ್ಲಿ ಕೂತು ಕೆಮ್ಮಿ ರಕ್ತ ಉಗುಳಿದಾಗ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಿಡಿಸಿ ಹೇಳಿದರು. ಹೃದಯದ ಒಳಗೆ ರಕ್ತ ಹಿಂದಕ್ಕೆ ಬರದ ಹಾಗೆ ತಡೆಯುವ ಬಾಗಿಲುಗಳಿರುತ್ತವೆ, ಅವಕ್ಕೆ ವಾಲ್ವ್ ಎನ್ನುತ್ತಾರೆ, ಇವಳದರಲ್ಲಿ ಒಂದು ಗಡುಸಾಗಿ ಅಂಟಿಕೊಂಡಿದೆ, ಅದನ್ನು ಕತ್ತರಿಸಿ ತೆಗೆದು ಲೋಹದ್ದನ್ನು ಕೂಡಿಸಬೇಕು. ಎದೆಯ ಎಲುಬು ಸೀಳುತ್ತಾರೆ, ಅಷ್ಟು ಹೊತ್ತು ಹೃದಯ ನಿಲ್ಲಿಸಿ ಮಷಿನ್ನಿನಿಂದ ರಕ್ತ ಹರಿಸುತ್ತಾರೆ ಎಂದಾಗ ಅವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಅಪ್ಪ ಮಾತ್ರ ಗಂಭೀರವಾಗಿ, "ಸವೆದ ಬೀಸೂ ಕಲ್ಲಿಗೆ ಉಳಿ ಹಾಕಿ ಕಟಿಸ್ಬೇಕಂದ್ರ ಗಿರಣಿ ನಿಲ್ಲಿಸ್ಬೇಕಲ್ಲ, ಹಂಗ" ಎಂದ. ಅವನಿಗೆ ಗೊತ್ತಿದ್ದ ಯಂತ್ರ ಅದೊಂದೇ.

ಆ ಬೇಸಿಗೆಯಲ್ಲೇ ಆಪರೇಷನ್ ಆಯಿತು. ಮನೆಗೆ ಕಳಿಸುವ ದಿನ ಡಾಕ್ಟರು, "ನಿಮ್ಮಲ್ಲಿ ಓದಿದೋರು ಯಾರು?" ಎಂದು ಕೇಳಿದರು. ಅವ್ವ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ಪಿಯುಸಿ ಪಾಸು. ಡಾಕ್ಟರು ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ, ಬದುಕಿರುವ ತನಕ. ತಿಂಗಳಿಗೊಮ್ಮೆ ದಾವಣಗೆರೆಯಲ್ಲಿ ರಕ್ತಪರೀಕ್ಷೆ. ಹಸಿರು ಸೊಪ್ಪು ಒಮ್ಮೆಲೇ ಜಾಸ್ತಿ ಮಾಡಬಾರದು, ಮಾಡಿದರೆ ಮಾತ್ರೆ ಕೆಲಸ ಮಾಡುವುದಿಲ್ಲ. ಕೊನೆಗೆ ತಮ್ಮ ಸ್ಟೆತಸ್ಕೋಪು ತೆಗೆದಿಟ್ಟು, "ಇದು ಬೇಡ, ಬರೀ ಕಿವೀಲೇ ಕೇಳು" ಎಂದು ನನ್ನ ತಲೆಯನ್ನು ಪೂರ್ಣಿಯ ಎದೆಯ ಹತ್ತಿರ ಬಗ್ಗಿಸಿದರು. ಟಿಕ್, ಟಿಕ್, ಟಿಕ್. "ಬಾಗಿಲು ಮುಚ್ಚೋ ಶಬ್ದ ಇದು. ಇದು ಹೀಗೇ ಇರೋ ತನಕ ಭಯ ಇಲ್ಲ. ಮಂದ ಆದ್ರೆ ವಾಲ್ವಿಗೆ ರಕ್ತ ಅಂಟ್ಕೊಂಡಿದೆ ಅಂತ ಅರ್ಥ. ಒಂದು ದಿನಾನೂ ಕಾಯಬೇಡಿ, ಕರ್ಕೊಂಡು ಬಂದ್ಬಿಡಿ. ನಿನ್ನ ಜವಾಬ್ದಾರಿ ಇದು, ಗೊತ್ತಾಯ್ತಾ?" ಗೊತ್ತಾಯ್ತು ಸರ್ ಎಂದೆ. ಅಪ್ಪ ಅವ್ವ ಅಷ್ಟರಲ್ಲಿ ಹೊರಗೆ ಔಷಧದ ಸಾಲಿಗೆ ಹೋಗಿದ್ದರು. ಪೂರ್ಣಿ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡಿದ್ದಳು.

ಊರಿಗೆ ಬಂದ ಮೇಲೆ ಆ ಸಪ್ಪಳದ ಮಹಿಮೆ ತಿಳಿಯಿತು. ಗಿರಣಿ ಓಡುತ್ತಿದ್ದರೆ ಏನೂ ಕೇಳುತ್ತಿರಲಿಲ್ಲ. ನಿಂತರೆ ಸಾಕು, ಪಡಸಾಲೆಯ ಆ ಮೂಲೆಗೂ ಟಿಕ್ ಟಿಕ್. ಓಣಿಯ ಮಕ್ಕಳು ಸಾಲುಗಟ್ಟಿ ಬಂದು ಅವಳ ಬೆನ್ನಿಗೆ ಕಿವಿ ಹಚ್ಚಿ ಕಿಸಕ್ಕನೆ ನಕ್ಕು ಓಡುತ್ತಿದ್ದವು. ಹಿಟ್ಟು ಬೀಸಿಸಲು ಬಂದ ಹೆಂಗಸರು, "ಗಡಿಯಾರದಾಕಿ ಎಲ್ಲಿ ಅದಾಳ?" ಎನ್ನುತ್ತಿದ್ದರು. ಪೂರ್ಣಿ ಅದಕ್ಕೂ ನಗುತ್ತಿದ್ದಳು. "ನನ್ನ ಎದಿಗೆ ಕೀಲಿ ಕೊಡೂದು ಬ್ಯಾಡ್ರಿ, ತಾನ ಓಡ್ತೈತಿ" ಎನ್ನುವಳು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳು ದೀಪಾವಳಿ ಹೊತ್ತಿಗೆ ಮಾಳಿಗೆ ಹತ್ತಿ ಶಾವಿಗೆ ಒಣಗಿಸುತ್ತಿದ್ದಳು.

ನನಗೆ ಅವಳನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ. ಈಗ ಸುಳ್ಳೇಕೆ ಹೇಳಲಿ? ತುಪ್ಪ ಅವಳಿಗೆ, ಹಾಲಿನ ಕೆನೆ ಅವಳಿಗೆ, ಅಪ್ಪನ ಮೆದು ಮಾತು ಅವಳಿಗೆ. ನನಗೆ ರೊಟ್ಟಿ ಬಡಿಯುವ ಕೆಲಸ, ಮತ್ತು "ಇನ್ನೂ ಯಾಕ ಕುಂತಾಳಿಕಿ ಮನ್ಯಾಗ?" ಎಂಬ ನೆಂಟರ ಪ್ರಶ್ನೆ. ಆಪರೇಷನ್ನಿನ ಸುದ್ದಿ ಊರು ದಾಟಿದಂತೆಲ್ಲ ನನಗೆ ಬರುವ ಗಂಡುಗಳು ಕಮ್ಮಿಯಾದವು. ತಂಗಿಗೆ ಇದ್ದದ್ದು ಅಕ್ಕನಿಗೂ ಇರಬಹುದು, ನಾಳೆ ಹುಟ್ಟುವ ಮಕ್ಕಳಿಗೂ ಬರಬಹುದು ಎಂದು ಮಂದಿ ಲೆಕ್ಕ ಹಾಕುತ್ತಿದ್ದರು.

ಆ ದೀಪಾವಳಿ ಕಳೆದ ಮೇಲೆ ಹಗರಿಬೊಮ್ಮನಹಳ್ಳಿಯಿಂದ ಶೇಂಗಾ ವ್ಯಾಪಾರದವರು ನನ್ನನ್ನು ನೋಡಲು ಬಂದರು. ಅಪ್ಪ ಒಂದು ಉಪಾಯ ಮಾಡಿದ್ದ. ಬೀಸುವ ಕಾಳು ಇಲ್ಲದಿದ್ದರೂ ಗಿರಣಿಗೆ ಒಂದು ಚೀಲ ಸ್ವಂತ ಜೋಳ ಸುರಿದು ಚಾಲೂ ಇಟ್ಟ. "ಹಬ್ಬದ ಗಿರಾಕಿ ನೋಡ್ರಿ, ಬಿಡಂಗಿಲ್ಲ" ಎಂದು ಬೀಗರಿಗೆ ಕೂಗಿ ಹೇಳಿದ. ಎಲ್ಲರೂ ಕೂಗಿಕೊಂಡೇ ಮಾತಾಡಿದರು. ನಾನು ಅವಲಕ್ಕಿ ತಟ್ಟೆ ಕೊಟ್ಟು ಕೂತೆ. ಹುಡುಗ ಎರಡು ಸಲ ನನ್ನತ್ತ ನೋಡಿದ. ಪೂರ್ಣಿ ಚಹಾ ತಂದಳು, ಕುತ್ತಿಗೆ ತನಕ ಮುಚ್ಚಿದ ಕುಪ್ಪಸ ತೊಟ್ಟು. ಆಗ ಕರೆಂಟ್ ಹೋಯಿತು.

ಗಿರಣಿ ಗೊರಗೊರ ಎನ್ನುತ್ತ ನಿಂತಿತು. ಅಷ್ಟು ಹೊತ್ತು ಕೂಗುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ಟಿಕ್, ಟಿಕ್, ಟಿಕ್. ಹುಡುಗನ ಸೋದರಮಾವ ತನ್ನ ಕೈಗಡಿಯಾರ ಕಿವಿಗೆ ಹಿಡಿದು ನೋಡಿದ. "ಯಾರ ವಾಚಿದು, ಇಷ್ಟ್ ಜೋರ?" ಎಂದ. ಪೂರ್ಣಿ ಚಹಾದ ತಟ್ಟೆ ಕೆಳಗಿಟ್ಟು ಎರಡೂ ಅಂಗೈ ಎದೆಗೆ ಒತ್ತಿಕೊಂಡಳು. ಗಾಬರಿಗೆ ಅವಳ ಹೃದಯ ಇನ್ನೂ ಜೋರಾಗಿ ಓಡತೊಡಗಿತು, ಸಪ್ಪಳವೂ ಓಡಿತು. ಹುಡುಗನ ತಾಯಿ ಎಲ್ಲವನ್ನೂ ಅರ್ಥ ಮಾಡಿಕೊಂಡು ಚಹಾ ಮುಟ್ಟದೆ ಎದ್ದಳು.

ಅವರು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಪೂರ್ಣಿಯ ರಟ್ಟೆ ಹಿಡಿದು, "ನೀ ಅಲ್ಲೇ ಬೆಂಗಳೂರಾಗ ಸತ್ತಿದ್ರ ಚಲೋ ಇತ್ತು ನೋಡು" ಎಂದೆ. ಅವಳು ಅಳಲಿಲ್ಲ. "ಮುಂದಿನ ಸಲ ನಾ ಹಿತ್ತಲಕ್ಕ ಹೋಗಿ ಕುಂದ್ರತೀನಿ ಅಕ್ಕಾ" ಎಂದಳು. ಅವ್ವ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ನನ್ನನ್ನು ಬೈಯಲಿಲ್ಲ.

ಆಮೇಲೆ ಚಳಿ ಬಂತು. ನಮ್ಮ ಕಡೆ ಚಳಿಗಾಲವೆಂದರೆ ಸೊಪ್ಪಿನ ಕಾಲ. ಎರೆಹೊಲದಲ್ಲಿ ಬಿಳಿಜೋಳ ಮೊಳಕಾಲು ದಾಟುತ್ತದೆ, ಸಾಲಿನ ನಡುವೆ ಹಕ್ಕರಿಕೆ ಸೊಪ್ಪು ಬೆಳೆಯುತ್ತದೆ, ಕಡಲೆ ಗಿಡದ ಕುಡಿ ಹುಳಿಹುಳಿಯಾಗಿರುತ್ತದೆ. ಎಲ್ಲವನ್ನೂ ಹಸಿಯಾಗಿಯೇ ರೊಟ್ಟಿಗೆ ಸುತ್ತಿ, ಗುರೆಳ್ಳು ಚಟ್ನಿ, ಮೊಸರಿನ ಜೊತೆ ತಿನ್ನುವುದು. ತಟ್ಟೆಯಲ್ಲಿ ರೊಟ್ಟಿಗಿಂತ ಸೊಪ್ಪೇ ಎತ್ತರ. ಅವ್ವನಿಗೆ ಒಂದೇ ಹಟ, ಕೊಯ್ದ ಮೈಯಲ್ಲಿ ರಕ್ತ ತುಂಬಬೇಕು. ದಿನಾ ಬೆಳಿಗ್ಗೆ ಹಳ್ಳಿಯಿಂದ ಮಾರಲು ಬಂದವರ ಬುಟ್ಟಿಯಿಂದ ಹಕ್ಕರಿಕೆ, ಮೆಂತ್ಯ ಕಟ್ಟುಗಟ್ಟಲೆ ತಂದು ತೊಳೆದು ಪೂರ್ಣಿಯ ಮುಂದೆ ಇಡುವಳು. ಎದುರು ಕೂತು ತಿನ್ನಿಸುವಳು. ನಾನು ಡಾಕ್ಟರು ಹೇಳಿದ್ದನ್ನು ಎರಡು ಸಲ ಹೇಳಿದೆ. ಎಳ್ಳಮಾಸಿಯ ದಿನ, ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ ಹೊಲದಲ್ಲಿ, ಎಲ್ಲರೂ ಉಣ್ಣಲು ಕೂತಾಗ, ಮೂರನೇ ಸಲ ಹೇಳಿದೆ.

"ಅವ್ವಾ, ಅಷ್ಟು ಪಲ್ಲೆ ಹಾಕ್ಬ್ಯಾಡ. ಡಾಕ್ಟರ್ ಬ್ಯಾಡ ಅಂದಾರ."

"ಬೆಂಗಳೂರಾಗಿನ ಡಾಕ್ಟರಿಗಿ ಹಕ್ಕರಿಕಿ ಅಂದ್ರ ಗೊತ್ತೈತೇನ? ಸೊಪ್ಪು ತಿಂದು ಯಾರ್ ಸತ್ತಾರಬೇ?" ಅವ್ವ ಇನ್ನೊಂದು ಹಿಡಿ ಪೂರ್ಣಿಯ ತಟ್ಟೆಗೆ ಹಾಕಿದಳು. ಸುತ್ತಲಿದ್ದವರೆಲ್ಲ ನಕ್ಕರು. ಪೂರ್ಣಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿ ಬಾಯಿ ತುಂಬ ತುಂಬಿಕೊಂಡಳು. ಆ ತಿಂಗಳ ರಕ್ತಪರೀಕ್ಷೆಗೂ ಹೋಗಿರಲಿಲ್ಲ. ಹಬ್ಬ ಮುಗಿಸಿಕೊಂಡು ಹೋದರಾಯಿತು ಎಂದು ಅಪ್ಪ ಮುಂದೆ ಹಾಕಿದ್ದ.

ಇಲ್ಲಿಯ ತನಕ ತಪ್ಪು ಮಾಡಿದವರೆಲ್ಲ ಪ್ರೀತಿಗೆ ಮಾಡಿದರು. ಮುಂದಿನದು ನನ್ನದು.

ಹಬ್ಬ ಕಳೆದು ಬಂದ ಸೋಮವಾರ. ಮಧ್ಯಾಹ್ನ ಕರೆಂಟ್ ಇರಲಿಲ್ಲ, ಗಿರಣಿ ನಿಂತಿತ್ತು. ನಾನು ಪೂರ್ಣಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಇದ್ದಕ್ಕಿದ್ದಂತೆ ನನಗೆ ಮನೆ ಏನೋ ಬೇರೆ ಥರ ಅನ್ನಿಸಿತು. ಕಿವಿಗೊಟ್ಟೆ. ಸಪ್ಪಳ ಇಲ್ಲ. ಹತ್ತಿರ ಸರಿದು ಅವಳ ಎದೆಗೆ ಕಿವಿ ಹಚ್ಚಿದೆ. ಒಳಗೆಲ್ಲೋ ಬಟ್ಟೆ ಸುತ್ತಿದ ಕಲ್ಲು ಬಡಿದ ಹಾಗೆ ದಪ್ಪ ದಪ್ಪ ಎನ್ನುತ್ತಿತ್ತು. ಆ ಚೂಪು ಟಿಕ್ ಎಲ್ಲೂ ಇರಲಿಲ್ಲ.

"ಹೌದಕ್ಕಾ, ಮೊನ್ನಿಯಿಂದ ಕಮ್ಮಿ ಆಗೇತಿ," ಎಂದಳು ಪೂರ್ಣಿ. "ಯಾಕಿದ್ದೀತು?"

ಆ ಗುರುವಾರ ಹಂಪಸಾಗರದಿಂದ ಗಂಡಿನವರು ಬರುವವರಿದ್ದರು. ಹುಡುಗ ಸಹಕಾರಿ ಸಂಘದಲ್ಲಿ ಗುಮಾಸ್ತ. ಫೋಟೋ ನೋಡಿ ನಾನು ಯಾರಿಗೂ ಹೇಳದೆ ಅದನ್ನು ಟ್ರಂಕಿನಲ್ಲಿ ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದೆ. ಈಗ ಬಾಯಿ ಬಿಟ್ಟರೆ ಎಲ್ಲರೂ ಬೆಂಗಳೂರಿಗೆ ಓಡುತ್ತಾರೆ. ಗುರುವಾರ ಹಾಳು. ಮತ್ತೆ ಆಪರೇಷನ್ ಎಂಬ ಸುದ್ದಿ ಹಂಪಸಾಗರ ಮುಟ್ಟುತ್ತದೆ. ಬಾಯಿ ಮುಚ್ಚಿದರೆ, ಮನೆಯಲ್ಲಿ ಸಪ್ಪಳವೇ ಇಲ್ಲ. ಮೂರು ದಿನ. ಮೂರೇ ದಿನ, ಶುಕ್ರವಾರ ಬೆಳಿಗ್ಗೆ ನಾನೇ ಹೇಳುತ್ತೇನೆ ಎಂದುಕೊಂಡೆ. ಗೊತ್ತಿರಲಿಲ್ಲ ಎಂದು ನನ್ನನ್ನೇ ನಾನು ನಂಬಿಸಲು ಎಷ್ಟೋ ವರ್ಷ ಒದ್ದಾಡಿದೆ. ಆಗಲಿಲ್ಲ. ಗೊತ್ತಿತ್ತು. ಡಾಕ್ಟರು ಹೇಳಿದ ಒಂದೊಂದು ಶಬ್ದವೂ ಆ ಹೊತ್ತಿನಲ್ಲಿ ನೆನಪಿತ್ತು.

"ಒಳಗಿನ ಗಾಯ ಮಾಗಿದ ಮ್ಯಾಲೆ ಹಂಗ ಆಗ್ತೈತಂತ," ಎಂದೆ. "ಡಾಕ್ಟರೇ ಹೇಳ್ಯಾರ ನನಗ. ಗುಣ ಆತು ಅಂತ ಲೆಕ್ಕ."

ಅವಳ ಮುಖ ಅರಳಿದ್ದು ನನಗೆ ಇನ್ನೂ ಕಾಣುತ್ತದೆ. "ಖರೇ ಏನ?" ಎಂದವಳೇ ಎದ್ದು, "ಅವ್ವಾ, ಸಪ್ಪಳ ಹೋತು! ಗುಣ ಆತಂತ!" ಎಂದು ಅಡುಗೆಮನೆಗೆ ಹೋದಳು. ಅವ್ವ ದೇವರ ಮುಂದೆ ಸಕ್ಕರೆ ಇಟ್ಟು ಓಣಿಗೆಲ್ಲ ಹಂಚಿದಳು. "ನೋಡಿದ್ಯಾ, ನನ್ನ ಹಕ್ಕರಿಕಿ ಗುಣ!" ಎಂದು ನನ್ನ ಬಾಯಿಗೂ ಒಂದು ಚಿಟಿಕೆ ಹಾಕಿದಳು. ಅಪ್ಪ ಗಿರಣಿಯ ಖೋಲಿಯಲ್ಲಿ ಒಬ್ಬನೇ ನಿಂತು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡ. ನಾನು ಸಕ್ಕರೆ ನುಂಗಿದೆ.

ಮಂಗಳವಾರ ಅವಳು ಬೇಗ ದಣಿದಳು. ಬುಧವಾರ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಆತುಕೊಂಡು ಕೂತಳು. ಕಾಲು ಬಾತಿದ್ದವು. "ಥಂಡಿ ಹತ್ತೇತಿ" ಎಂದು ಅವ್ವ ಶುಂಠಿ ಕಷಾಯ ಕಾಸಿದಳು. ಇಬ್ಬರ ನಡುವೆ ನಾನು ನನ್ನ ಸೀರೆಗೆ ಇಸ್ತ್ರಿ ಮಾಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಅಪ್ಪ ಹೋದ ಸಲದ ರೂಢಿಯಲ್ಲೇ ಚೀಲ ಬಿಚ್ಚಿ ಗಿರಣಿಗೆ ಜೋಳ ಸುರಿಯಲು ಹೋದ. "ಬ್ಯಾಡಪ್ಪ, ಇವತ್ತು ಗಿರಣಿ ಬ್ಯಾಡ" ಎಂದೆ. ಅಪ್ಪ ನಕ್ಕು ಬೆಲ್ಟ್ ಬಿಚ್ಚಿಟ್ಟ. ಪೂರ್ಣಿಯ ತುಟಿ ನೀಲಿಗಟ್ಟಿದ್ದವು. ನಾನೇ ಅವಳ ಮುಖಕ್ಕೆ ಪೌಡರ್ ಬಳಿದೆ, ನಾನೇ ಅವಳ ತುಟಿಗೆ ಚೂರು ಕುಂಕುಮ ತೀಡಿದೆ. "ಅಕ್ಕಾ, ನಾ ಒಳಗ ಕುಂದ್ರಲಾ? ನಿಲ್ಲಾಕ ಆಗವಲ್ದು" ಎಂದಳು. "ಸ್ವಲ್ಪ ಹೊತ್ತು ಬಾರಬೇ, ನೀ ಕಾಣದಿದ್ರ ಮುಚ್ಚಿಟ್ಟಾರ ಅಂತಾರ" ಎಂದೆ. ಬಂದಳು.

ಹಂಪಸಾಗರದವರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ಹುಡುಗನ ತಾಯಿ ನನ್ನನ್ನು ಹೆಚ್ಚು ನೋಡಲೇ ಇಲ್ಲ. ಬಂದು ಕೂತವರೇ, "ಸಣ್ಣಾಕಿ ಎಲ್ಲಿ? ಬಾರವ್ವ ಇಲ್ಲಿ, ನನ್ನ ಬಾಜೂಕ ಕುಂದ್ರು" ಎಂದು ಪೂರ್ಣಿಯನ್ನು ಕರೆದು, ಮುದ್ದಿಸುವವರ ಹಾಗೆ ತೋಳು ಬಳಸಿ ಅವಳ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡರು. ಆಮೇಲೆ ಮೆಲ್ಲಗೆ ಬಗ್ಗಿ ತಮ್ಮ ಕಿವಿಯನ್ನು ಅವಳ ಎದೆಗೆ ತಂದರು. ಪೂರ್ಣಿ ಕಣ್ಣು ಮುಚ್ಚಿ ಕೂತಿದ್ದಳು. ಅವರು ತುಂಬ ಹೊತ್ತು ಕೇಳಿದರು.

"ಮಂದಿ ಬಾಯಿಗಿ ಏನ್ ಹೇಳೂದ್ರಿ," ಎಂದು ತಲೆ ಎತ್ತಿದರು. "ಏನೇನೋ ಅಂದಿದ್ರು. ಏನೂ ಇಲ್ಲ, ಹುಡುಗಿ ಗಟ್ಟಿ ಅದಾಳ." ಅಲ್ಲೇ ನನಗೆ ಹೂ ಮುಡಿಸಿದರು. ಪೂರ್ಣಿ ಬೆವೆತ ಮುಖದಲ್ಲಿ ನನ್ನತ್ತ ನೋಡಿ ನಕ್ಕಳು. ನಾನೂ ನಕ್ಕೆ. ದೇವರಾಣೆಗೂ ಆ ಗಳಿಗೆ ನನಗೆ ಖುಷಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡಿದ್ದೆನಲ್ಲ, ಹೇಳುವ ಪ್ರಮೇಯ ಬರಲಿಲ್ಲ. ಅಂಗಳದ ಬಿಸಿಲಿಗೆ ಕೂತು ತಲೆ ಬಾಚಿಕೊಳ್ಳುತ್ತಿದ್ದ ಪೂರ್ಣಿಯ ಬಲಗೈಯಿಂದ ಬಾಚಣಿಗೆ ಜಾರಿತು. ಎತ್ತಿಕೊಳ್ಳಲು ಕೈ ಏಳಲಿಲ್ಲ. ಅಕ್ಕಾ ಎನ್ನಲು ಹೋದಳು. ಬಾಯಿ ಒಂದು ಕಡೆಗೆ ವಾಲಿ, ಮಾತಿನ ಬದಲು ಜೊಲ್ಲು ಬಂತು. ವಾಲ್ವಿನ ಮೇಲೆ ಗಟ್ಟಿಯಾಗಿದ್ದ ರಕ್ತದ ಚೂರು ಹರಿದು ಮಿದುಳಿಗೆ ಹೋಗಿತ್ತು.

ಗಿರಣಿಯ ಮೋಟಾರ್ ರಿಪೇರಿ ಮಾಡುವ ಮಹಬೂಬಣ್ಣ ಪಕ್ಕದ ಓಣಿಯಲ್ಲೇ ಇದ್ದ. ಗ್ಯಾರೇಜಿಗೆ ಬಂದಿದ್ದ ಯಾರದೋ ಜೀಪನ್ನು ಕೇಳದೆಯೇ ತಂದ. ಹರಪನಹಳ್ಳಿ ದಾಟುವ ತನಕ ರಸ್ತೆಯ ಒಂದೊಂದು ಗುಂಡಿಗೂ, "ತಡಕೋ ಬೇಟಾ, ತಡಕೋ" ಎನ್ನುತ್ತಿದ್ದ. ಪೂರ್ಣಿಯ ತಲೆ ನನ್ನ ತೊಡೆಯ ಮೇಲಿತ್ತು. ಅವಳ ಎಡಗೈ ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಕಣ್ಣು ನನ್ನನ್ನೇ ನೋಡುತ್ತಿದ್ದವು, ಏನೋ ಕೇಳುವ ಹಾಗೆ. ನಾನು ಕಿಟಕಿಯ ಹೊರಗೆ ನೋಡಿದೆ.

ದಾವಣಗೆರೆಯ ಡಾಕ್ಟರು ಸ್ಟೆತಸ್ಕೋಪು ಇಟ್ಟವರೇ ಸಿಟ್ಟಾದರು. "ವಾಲ್ವ್ ಸೌಂಡೇ ಇಲ್ಲವಲ್ರೀ. ಯಾವಾಗಿಂದ ಹೀಗೆ?"

ಎಲ್ಲರೂ ನನ್ನನ್ನು ನೋಡಿದರು. ಸೋಮವಾರದಿಂದ ಎಂದು ಅವ್ವ ಹೇಳಿಬಿಟ್ಟಾಳು ಎಂದು ನಾನೇ ಮುಂಚೆ ಬಾಯಿ ಹಾಕಿದೆ. "ಸೊಪ್ಪು ಭಾಳ ತಿಂದಾಳ್ರಿ ಸರ್, ಒಂದು ತಿಂಗಳಿಂದ ದಿನಾ ತಿಂದಾಳ."

ಡಾಕ್ಟರು ಹಣೆ ಚಚ್ಚಿಕೊಂಡರು. "ಸೊಪ್ಪು ಕೊಡಬೇಡಿ ಅಂತ ಹೇಳಿರಲಿಲ್ವಾ ನಿಮಗೆ? ಯಾರು ಕೊಟ್ಟಿದ್ದು?"

ಅವ್ವ ನಿಂತಲ್ಲೇ ಕುಸಿದಳು. "ನಾನ್ರಿ, ನಾನ ಕೊಟ್ಟೆ" ಎಂದು ಆಸ್ಪತ್ರೆಯ ನೆಲಕ್ಕೆ ತಲೆ ಬಡಿದುಕೊಂಡಳು. ಎರಡು ಮೂರು ದಿನ ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಪ್ಪನಿಗೆ ಹೇಳುತ್ತಿದ್ದರು. ಅವ್ವನ ಅಳುವಿನಲ್ಲಿ ಆ ಮಾತು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಪೂರ್ಣಿ ಭಾನುವಾರ ಮಧ್ಯಾಹ್ನ ತೀರಿಕೊಂಡಳು.

ಹೂ ಮುಡಿಸಿದ ಮೇಲೆ ಹಿಂದೆ ಸರಿಯಬಾರದು, ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು ಎಂದು ಹಿರಿಯರೇ ನಿಂತು ಮುಂದಿನ ಬೇಸಿಗೆಯಲ್ಲಿ ಹಂಪಸಾಗರದ ಹುಡುಗನೊಂದಿಗೆ ನನ್ನ ಮದುವೆ ಮಾಡಿಸಿದರು. ಗಂಡ ಒಳ್ಳೆಯವನು. ಎರಡು ಮಕ್ಕಳು. ಇಬ್ಬರ ಹೃದಯವೂ ಚೆನ್ನಾಗಿದೆ.

ಅವ್ವ ಮಾತ್ರ ಆ ಆಸ್ಪತ್ರೆಯ ನೆಲದಿಂದ ಮತ್ತೆ ಏಳಲಿಲ್ಲ ಎನ್ನಬೇಕು. ಮಗಳ ಮಣ್ಣಿಗೆ ಬಂದವರ ಮುಂದೆಲ್ಲ ಅದನ್ನೇ ಹೇಳಿದಳು, ಹಿಟ್ಟಿಗೆ ಬಂದವರ ಮುಂದೆ ಹೇಳಿದಳು, ನನ್ನ ಅತ್ತೆಯ ಮುಂದೆ ಹೇಳಿದಳು. ಓಣಿಯಲ್ಲಿ ಕೆಲವರು ಬೆನ್ನ ಹಿಂದೆ "ಮಗಳನ್ನ ತಿಂದಾಕಿ" ಎಂದರು, ಅವಳ ಕಿವಿಗೆ ಬೀಳುವ ಹಾಗೆಯೇ. ಅಪ್ಪ ಬದುಕಿರುವ ತನಕ ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ಗುಣ ಆತು ಎಂದು ನಾನು ಹೇಳಿದ್ದನ್ನು ಯಾರೂ ಮತ್ತೆ ಎತ್ತಲಿಲ್ಲ. ಹೇಳಿಬಿಡಬೇಕು ಎಂದು ತವರಿಗೆ ಹೋದಾಗಲೆಲ್ಲ ಅಂದುಕೊಂಡೆ. ಬಸ್ಸು ಹತ್ತಿ ವಾಪಸ್ ಬಂದೆ.

ಹೋದ ವರ್ಷ ಅವ್ವ ಹಾಸಿಗೆ ಹಿಡಿದಳು. ಕೊನೆಯ ವಾರ ನಾನೇ ಹತ್ತಿರ ಇದ್ದೆ. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡಳು.

"ಸರೋಜಾ, ನೀ ಹೊಲದಾಗ ಅಷ್ಟು ಹೇಳಿದಿ. ನಾ ಕೇಳಲಿಲ್ಲ. ನಿನ್ನ ತಂಗೀನ್ನ ನಾನ ಕೊಂದೆ. ನೀನರ ನನ್ನ ಕ್ಷಮಾ ಮಾಡ್ತಿ ಏನಬೇ?"

ಬಾಯಿ ತೆರೆದೆ. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು. ಅವ್ವ ಕಾಯುತ್ತಿದ್ದಳು.

"ಮಾಡೀನಿ ಅವ್ವಾ," ಎಂದೆ. "ನೀ ಇನ್ನ ಅದನ್ನ ಮನಸಿಗೆ ಹಚ್ಕೋಬ್ಯಾಡ."

ಅವ್ವ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ನಾನು ದೊಡ್ಡ ಮನಸ್ಸಿನವಳು ಎಂದಳು.